ಫ್ರೆಂಚರ ಮಾಹೆಯೂ ನಮ್ಮ ಕರಾವಳಿಯೂ

ಮಾಹೆ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ತಿಂಗಳು, ತಿಂಗಳಿನ ಸಂಬಳ, ಮನೆಬಾಡಿಗೆಯ ಲೆಕ್ಕ. ಪಾರಸಿಯಿಂದ ನಮ್ಮ ಕಚೇರಿಗಳಿಗೆ ಬಂದ ಆ ಮಾತಿಗೂ ನಾನು ಇಂದು ಹೇಳಹೊರಟಿರುವ ಮಾಹೆಗೂ ಯಾವ ಸಂಬಂಧವೂ ಇಲ್ಲ. ಈ ಮಾಹೆ ಮಲೆಯಾಳದ ಕಡಲತಡಿಯ ಒಂದು ಊರು. ತಲಚೇರಿಗೆ ದಕ್ಷಿಣದಲ್ಲಿ ಸುಮಾರು 9 ಕಿಲೋಮೀಟರು ದೂರದಲ್ಲಿ, ಒಂದು ಕಿರುಹೊಳೆ ಸಮುದ್ರವನ್ನು ಸೇರುವ ಎಡೆಯಲ್ಲಿದೆ. ಅಲ್ಲಿಯ ಜನ ಅದನ್ನು ಮಯ್ಯಳಿ ಎನ್ನುತ್ತಾರೆ. ಊರನ್ನೂ ಅದಕ್ಕೆ ಸೇರಿದ ಹಳ್ಳಿಗಳನ್ನೂ ಕೂಡಿಸಿದರೆ ವಿಸ್ತೀರ್ಣ ಸುಮಾರು 9 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 41,816 ಮಂದಿ. ಇಷ್ಟು ಸಣ್ಣ ನೆಲ 1721ರಿಂದ 1954ರವರೆಗೆ, ನಡುನಡುವೆ ಇಂಗ್ಲಿಷರ ವಶದಲ್ಲಿದ್ದ ಕಾಲವನ್ನು ಬಿಟ್ಟರೆ, ಫ್ರೆಂಚರದಾಗಿತ್ತು. ಈ ನೆಲಕ್ಕಾಗಿಯೇ ಹೈದರಾಲಿಯು 1780ರಲ್ಲಿ ಇಂಗ್ಲಿಷ್ ಕಂಪನಿಯ ಮೇಲೆ ಯುದ್ಧಕ್ಕೆ ಹೊರಟನೆಂದು ಚರಿತ್ರೆಯ ಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗುತ್ತವೆ. ಆ ಮಾತು ಎಷ್ಟರ ಮಟ್ಟಿಗೆ ನಿಜ, ಅದರಿಂದ ನಮ್ಮ ಕರಾವಳಿಗೆ ಬಂದೊದಗಿದುದೇನು ಎಂಬುದನ್ನು ಕೊಂಚ ವಿಚಾರಮಾಡೋಣ.

ಮೊದಲು ದಾರಿಯ ಮಾತು. ಮೈಸೂರು ಬೆಂಗಳೂರುಗಳಲ್ಲಿ ಕುಳಿತು ಕೇಳುವವರಿಗೆ ಮಾಹೆ ದೂರದ ಊರಾಗಿ ತೋರಬಹುದು. ಘಟ್ಟದ ಕೆಳಗಿನ ಪುತ್ತೂರು, ಸುಳ್ಯ, ಕಡಬದವರಿಗೆ ಅದು ಅಷ್ಟೇನೂ ದೂರವಲ್ಲ. ಈ ಮೂರೂ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕುಗಳು. ಕಡಬ ಈಚೆಗೆ ತಾಲ್ಲೂಕಾದುದು. ಈ ಸೀಮೆಯ ನೀರು ಎರಡು ದಿಕ್ಕಿಗೆ ಹರಿಯುತ್ತದೆಂಬುದನ್ನು ಗಮನಿಸಬೇಕು. ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಗೆ ಹೋಗುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿಯಾದರೋ ಸುಳ್ಯವನ್ನು ಬಳಸಿಕೊಂಡು ನೈರುತ್ಯಕ್ಕೆ ತಿರುಗಿ, ಚಂದ್ರಗಿರಿ ಎಂಬ ಹೆಸರು ಹೊತ್ತು, ಕಾಸರಗೋಡಿನ ಬಳಿ ಸಮುದ್ರವನ್ನು ಸೇರುತ್ತದೆ. ತುಳುನಾಡಿಗೂ ಮಲೆಯಾಳಕ್ಕೂ ಹಿಂದಿನವರು ಎಲ್ಲೆಯೆಂದು ಎಣಿಸಿದ್ದುದು ಈ ಚಂದ್ರಗಿರಿಯನ್ನೇ. ಸುಳ್ಯದಿಂದ ಜಾಲ್ಸೂರು, ಚೆರ್ಕಳಗಳ ಮೇಲೆ ಹೋಗುವ ಇಂದಿನ ರಸ್ತೆಯೂ ಕಾಸರಗೋಡಿಗೇ ಮುಟ್ಟುತ್ತದೆ. ಪುತ್ತೂರಿನವರು ವಿಟ್ಲ, ಪೆರ್ಲ, ಬದಿಯಡ್ಕಗಳ ಮೇಲೆ ಹೋಗಬಹುದು. ಇಲ್ಲವೆ ಮಂಗಳೂರಿಗೆ ಬಂದು, 1907ರಲ್ಲಿ ಅಲ್ಲಿಗೆ ಮುಟ್ಟಿದ ರೈಲುದಾರಿಯಲ್ಲಿ ಕಡಲನ್ನು ಬಲಕ್ಕಿಟ್ಟುಕೊಂಡು ಸುಮಾರು 160 ಕಿಲೋಮೀಟರು ತೆಂಕಣಕ್ಕೆ ಪಯಣಿಸಬಹುದು. ಬೇಕಲ, ಚಂದ್ರಗಿರಿ ಮೊದಲಾದ ಕೆಳದಿಯ ಅರಸರ ಕಾಲದ ಕೋಟೆಗಳು ದಾರಿಯಲ್ಲೇ ಸಿಕ್ಕುತ್ತವೆ. ಕನ್ನಡದ ಅರಸುತನ ಈ ದಿಕ್ಕಿನಲ್ಲಿ ಎಷ್ಟು ದೂರ ಕೈ ಚಾಚಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಫ್ರೆಂಚರು ಮಾಹೆಗೆ ಬಂದುದು ಮೆಣಸಿಗಾಗಿ. ಪುತ್ತೂರು ಸುಳ್ಯಗಳ ಅಡಕೆ ತೋಟಗಳಲ್ಲಿ ಮರಮರಕ್ಕೂ ಹಬ್ಬಿರುವ ಬಳ್ಳಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಡೆ ಅದಕ್ಕೆ ಒಳ್ಳೆಮೆಣಸು ಎಂದು ಹೆಸರು. ಹೊರಗಿನಿಂದ ಬಂದ ಕೆಂಪು ಮೆಣಸು ಒಳ್ಳೆಯದಲ್ಲವೆಂಬುದು ಧ್ವನಿಯೋ ಏನೋ. ತಲಚೇರಿಯಲ್ಲಿ ಇಂಗ್ಲಿಷರು 1708ರಲ್ಲಿ ಕೋಟೆ ಕಟ್ಟಿ ಈ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಲು ಹವಣಿಸುತ್ತಿದ್ದರು. ಅವರ ತೆಂಕಣಕ್ಕೆ ಕಡತ್ತನಾಡಿನ ಅರಸ, ವಡಗರೆಯ ವಾಳುನ್ನವರ್ ಎಂಬಾತ, ಇಂಗ್ಲಿಷರೊಬ್ಬರೇ ಕೊಳ್ಳುವವರಾದರೆ ಬೆಲೆ ಏರದೆಂಬುದನ್ನು ಬಲ್ಲವನು. 1721ರಲ್ಲಿ ಆತ ಫ್ರೆಂಚ್ ಕಂಪನಿಯ ಮೊಲಾಂದೆಯೊಡನೆ ಒಪ್ಪಂದ ಮಾಡಿಕೊಂಡು, ಮಯ್ಯಳಿ ಹೊಳೆಯ ಬಾಯಲ್ಲಿ ಕೋಠಿ ಹೂಡಲು ಎಡೆಕೊಟ್ಟನು. ಬಳಿಕ ಇಂಗ್ಲಿಷರ ಪ್ರೇರಣೆಯಿಂದ ಮನಸ್ಸು ತಿರುಗಿ ಅವರನ್ನು ಹೊರಗಟ್ಟಿದನು. 1725ರ ಕೊನೆಗೆ ಪರ್ದಯ್ಯಾನ್ ಎಂಬವನ ನೌಕಾಬಲ ಬಂದು ಊರನ್ನು ಮತ್ತೆ ಹಿಡಿಯಿತು.

ಆ ನೌಕಾಬಲದಲ್ಲಿ ಬೆರ್ತ್ರಾನ್ ಫ್ರಾನ್ಸ್ವಾ ಮಾಹೆ ದ ಲಾ ಬೂರ್ದೊನೆ ಎಂಬ ತರುಣನಿದ್ದನು. ಸೈನಿಕರನ್ನು ದಡಕ್ಕಿಳಿಸಲು ತೆಪ್ಪವನ್ನು ಯೋಜಿಸಿದವನು ಅವನೇ ಎಂದು ಹೇಳಿಕೆಯುಂಟು. ಅವನ ಹೆಸರಿನಲ್ಲಿಯೇ ಮಾಹೆ ಇರುವುದರಿಂದ, ಊರಿನಿಂದ ಅವನಿಗೆ ಹೆಸರು ಬಂದಿತೋ ಅವನಿಂದ ಊರಿಗೆ ಬಂದಿತೋ ಎಂದು ಬಹಳ ಚರ್ಚೆಯಾಗಿದೆ. ಅವನ ಮನೆತನದ ಹೆಸರೇ ಮಾಹೆ. ಊರಿನ ಹೆಸರು ಮೊದಲೇ ಮಯ್ಯಳಿ. ಎರಡು ಸದ್ದುಗಳು ಆಕಸ್ಮಿಕವಾಗಿ ಹತ್ತಿರವಿದ್ದುವು, ಫ್ರೆಂಚರ ನಾಲಿಗೆ ಅವೆರಡನ್ನೂ ಒಂದು ಮಾಡಿತು ಎಂದು ಎಣಿಸುವುದೇ ನನಗೆ ಸರಿಯಾಗಿ ತೋರುತ್ತದೆ. ಮಯ್ಯಳಿಯ ಕೊನೆಯಲ್ಲಿರುವ ‘ಅಳಿ’ಯಾದರೋ ನಮ್ಮ ‘ಅಳಿವೆ’ಯ ಒಡಹುಟ್ಟಿನಂತೆ ಕಾಣುತ್ತದೆ.

ಲಾ ಬೂರ್ದೊನೆ ಹುಟ್ಟಿದುದು 1699ರಲ್ಲಿ, ಫ್ರಾನ್ಸಿನ ಬ್ರಿಟನಿ ಪ್ರಾಂತದ ಸಾಂ ಮಾಲೋ ಎಂಬ ಕಡಲತಡಿಯ ಪಟ್ಟಣದಲ್ಲಿ. ಯೂರೋಪಿಗೆ ವಿಹಾರಕ್ಕೆಂದು ಹೋಗುವವರಿಗೆ ಇದು ಪರಿಚಿತವಾದ ಹೆಸರು. ಕರಿಗಲ್ಲಿನ ಪ್ರಾಕಾರ, ಊರಿನ ಸುತ್ತ ಬರುವ ಸಮುದ್ರ, ದಿನಕ್ಕೆರಡು ಬಾರಿ ಬಹಳ ಎತ್ತರಕ್ಕೇರಿ ಇಳಿಯುವ ಭರತ, ಬೇಸಗೆಯಲ್ಲಿ ಮರಳಿನ ಮೇಲೆ ನೆರೆಯುವ ಜನ, ಇವುಗಳನ್ನು ನೋಡುವವರಿಗೆ ಇದೊಂದು ಸುಖದ ಊರು. ಆದರೆ ಅದು ಬೆಳೆದುದು ವಿಹಾರದಿಂದಲ್ಲ. ಶತ್ರುಗಳ ಹಡಗುಗಳನ್ನು ದೊರೆಯ ಅಪ್ಪಣೆಯಿಂದ ಕೊಳ್ಳೆಹೊಡೆಯುವ ನಾವಿಕರ ಊರು ಅದು. 18ನೆಯ ಶತಮಾನದ ಮೊದಲಲ್ಲಿ ಫ್ರೆಂಚ್ ಕಂಪನಿ ದಿವಾಳಿಯ ಅಂಚಿನಲ್ಲಿದ್ದಾಗ ಇಂಡಿಯಾದ ವ್ಯಾಪಾರವನ್ನು ಕೆಲವು ವರ್ಷ ನಡೆಸಿದವರೂ ಅಲ್ಲಿನ ವರ್ತಕರೇ. ಬಂಗಾಳದ ಸಮುದ್ರದಲ್ಲಿ 1800ರಲ್ಲಿ ಇಂಗ್ಲಿಷರ ‘ಕೆಂಟ್’ ಹಡಗನ್ನು ಹಿಡಿದ ಸುರ್ಕೂಫನೂ ಅಲ್ಲಿಯವನು. 1944ರ ಆಗಸ್ಟಿನಲ್ಲಿ ಯುದ್ಧದ ಬೆಂಕಿಯಿಂದ ಊರು ಬಹುಮಟ್ಟಿಗೆ ಸುಟ್ಟುಹೋಗಿ, ಮತ್ತೆ ಹಳೆಯ ರೂಪದಲ್ಲಿಯೇ ಕಟ್ಟಲ್ಪಟ್ಟಿತು. ಅಲ್ಲಿಯ ಪ್ರಾಕಾರದ ಬಳಿ ಲಾ ಬೂರ್ದೊನೆಯ ಪ್ರತಿಮೆಯಿದೆ. ಮುಂದೆ 1746ರಲ್ಲಿ ಮದರಾಸನ್ನು ಹಿಡಿದವನು ಇವನೇ. ದ್ಯೂಪ್ಲೆಯೊಡನೆ ಜಗಳವಾಗಿ, ಬಾಸ್ತೀಲಿನ ಸೆರೆಮನೆಯಲ್ಲಿ ಬಂಧಿಯಾಗಿದ್ದು, ಬಿಡುಗಡೆಯಾದ ಬಳಿಕ 1753ರಲ್ಲಿ ತೀರಿಕೊಂಡನು. ಗೆದ್ದುಕೊಟ್ಟವರನ್ನು ಸೆರೆಗೆ ಹಾಕುವ ಪದ್ಧತಿ ಫ್ರೆಂಚ್ ಕಂಪನಿಯ ಕಥೆಯಲ್ಲಿ ಅಪರೂಪವಲ್ಲ.

ಮಾಹೆಗೂ ತಲಚೇರಿಗೂ ಮೆಣಸು ಯಥೇಚ್ಛವಾಗಿತ್ತು. ಊಟಕ್ಕೆ ಅಕ್ಕಿ ಸಾಲದಾಗಿತ್ತು. ಅಕ್ಕಿ ಬರುತ್ತಿದ್ದುದು ಮಂಗಳೂರಿನಿಂದ. ನೇತ್ರಾವತಿ, ಗುರುಪುರ ಹೊಳೆಗಳ ಬಯಲಿನ ಅಕ್ಕಿ ಮಚ್ವೆಗಳಲ್ಲಿ ತೆಂಕಣಕ್ಕೆ ಹೋಗದಿದ್ದರೆ ಆ ಕೋಟೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಕೆಳದಿಯ ಅರಸರು ಇದನ್ನು ಅರಿತಿದ್ದರು. 1730ರ ದಶಕದಲ್ಲಿ ಅವರ ಸೈನ್ಯ ಕೋಲತ್ತುನಾಡಿಗೆ ನುಗ್ಗಿದಾಗ ತಲಚೇರಿಯ ಇಂಗ್ಲಿಷರು ಯುದ್ಧದಷ್ಟೇ ಅಕ್ಕಿಯ ಚಿಂತೆಯನ್ನೂ ಮಾಡಬೇಕಾಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದನು, ಮಂಗಳೂರು ಅವನದಾಯಿತು. ಅಲ್ಲಿಂದ ಮುಂದೆ ಅಕ್ಕಿಯ ಕಣಜದ ಬೀಗದ ಕೈ ಶ್ರೀರಂಗಪಟ್ಟಣದಲ್ಲಿತ್ತು.

ಹೈದರನಿಗೆ ಮಾಹೆ ಏಕೆ ಬೇಕಾಗಿತ್ತು? ಕಂಪನಿಯೊಡನೆ ಸೆಣಸಲು ಬೇಕಾದ ತುಪಾಕಿ, ಫಿರಂಗಿ, ಮದ್ದು, ಇವುಗಳನ್ನು ನಡಸಬಲ್ಲ ಯೂರೋಪಿನ ಕೆಲಸಗಾರರು, ಇವೆಲ್ಲ ಕಂಪನಿಯ ಅನುಮತಿಯಿಲ್ಲದೆ ದೊರೆಯಬೇಕಾದರೆ ಫ್ರೆಂಚರಿಂದಲೇ ದೊರೆಯಬೇಕು. ಮಾರಿಷಸ್ ದ್ವೀಪದಿಂದ ಹೊರಟ ಹಡಗಿಗೆ ಪಾಂಡಿಚೇರಿ ಆಚೆಯ ಕರೆಯಲ್ಲಿ. ಅಲ್ಲಿಂದ ಮೈಸೂರಿಗೆ ಸರಕು ಬರಲು ಆರ್ಕಾಟಿನ ನೆಲವನ್ನು ದಾಟಬೇಕು, ಅದು ಕಂಪನಿಯ ಮಿತ್ರನಾದ ನವಾಬನ ನೆಲ. ಮಾಹೆಯಾದರೋ ಈಚೆಯ ಕರೆಯಲ್ಲಿ, ಹೈದರನಿಗೆ ಕಪ್ಪ ಕೊಡುವ ಅರಸರ ಸೀಮೆಯ ನಡುವೆ ಇತ್ತು. ಅಲ್ಲಿ ಇಳಿದ ಸರಕು ಘಟ್ಟ ಹತ್ತಿ ನೇರಾಗಿ ಅವನ ಉಗ್ರಾಣಕ್ಕೆ ಬರುತ್ತಿತ್ತು. ನಕಾಶೆಯಲ್ಲಿ ಅದು ಒಂದು ಚುಕ್ಕೆ. ಹೈದರನ ಫಿರಂಗಿಗೆ ಅದು ಮದ್ದಿನ ಬಾಗಿಲು.

ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ಮೇಲೆ ತಿರುಗಿಬಿದ್ದ ಕಾಲ ಅದು. 1778ರಲ್ಲಿ ಫ್ರಾನ್ಸು ಅಮೆರಿಕದವರ ಪಕ್ಷ ವಹಿಸಿತು. ಆ ಸುದ್ದಿ ಇಂಡಿಯಾಕ್ಕೆ ಬಂದೊಡನೆ ಕಂಪನಿಯವರು ಫ್ರೆಂಚರ ಕೋಠಿಗಳನ್ನು ಒಂದೊಂದಾಗಿ ಹಿಡಿದರು. ಅಕ್ಟೋಬರಿನಲ್ಲಿ ಪಾಂಡಿಚೇರಿ ಬಿದ್ದಿತು. ಮಾಹೆಯೊಂದು ಉಳಿಯಿತು. ಮದರಾಸಿನ ಗವರ್ನರ್ ರಂಬೋಲ್ಡ್ ಅದನ್ನೂ ಹಿಡಿಯಲು ನಿಶ್ಚಯಿಸಿ, ಕರ್ನಲ್ ಬ್ರೇತ್‌ವೇಟನ ಕೈಕೆಳಗೆ ದಂಡನ್ನು ಕಳುಹಿಸಿದನು. ಮಾಹೆ ತನ್ನ ಸೀಮೆಯೊಳಗಿನ ಊರು, ಅದರಲ್ಲಿರುವ ವರ್ತಕರೆಲ್ಲರೂ ತನ್ನ ರಕ್ಷಣೆಯಲ್ಲಿರುವವರು, ಅದನ್ನು ಮುಟ್ಟಿದರೆ ತಾನು ಆರ್ಕಾಟನ್ನು ಮುಟ್ಟುವೆನೆಂದು ಹೈದರನು ಮುಂದಾಗಿಯೇ ತಿಳಿಸಿದನು. ತಿಳಿಸಿ ಸುಮ್ಮನಿರಲಿಲ್ಲ, ಮಾಹೆಯ ರಕ್ಷಣೆಗೆ ತನ್ನ ಸಿಪಾಯಿಗಳನ್ನು ಕಳುಹಿಸಿದನು, ಕೋಲತ್ತಿರಿಗೂ ಕಡತ್ತನಾಡಿನ ಅರಸನಿಗೂ ನೆರವಾಗುವಂತೆ ಅಪ್ಪಣೆಮಾಡಿದನು. ಫ್ರೆಂಚರ ಬಾವುಟದೊಡನೆ ಮೈಸೂರಿನ ಬಾವುಟವೂ ಅಲ್ಲಿ ಏರಿತು. ಕಂಪನಿಯ ದಂಡಿಗೆ ನೆರವಾದವನು ಕೋಟ್ಟಯಂ ಸೀಮೆಯ ಪಳಶ್ಶಿ ರಾಜ. ಕಾಲದ ವಿಚಿತ್ರ ನೋಡಿ: ಇದೇ ಪಳಶ್ಶಿ ರಾಜ ಮುಂದೆ ವಯನಾಡಿನ ಕಾಡುಗಳಲ್ಲಿ ಅದೇ ಕಂಪನಿಯೊಡನೆ ವರ್ಷಗಟ್ಟಲೆ ಹೋರಾಡಿ 1805ರಲ್ಲಿ ಪ್ರಾಣಬಿಟ್ಟನು.

ಮಾಹೆಯ ಮುಖ್ಯಸ್ಥನಾದ ಪಿಕೋ 1779ರ ಮಾರ್ಚ್ 19ರಂದು ಶರಣಾದನು. ಎರಡು ಬಾವುಟಗಳೂ ಇಳಿದವು. ಆ ವರ್ಷದ ಕೊನೆಗೆ ಇಂಗ್ಲಿಷರು ಕೋಟೆಕೊತ್ತಲಗಳನ್ನು ಒಡೆದುಹಾಕಿ ಅಲ್ಲಿಂದ ದಂಡನ್ನು ತೆಗೆದರು.

ಇನ್ನು ನಮ್ಮ ಪ್ರಶ್ನೆ. ಹೈದರನು ಯುದ್ಧಕ್ಕೆ ಹೊರಟುದು ಮಾಹೆಗಾಗಿಯೇ? ಇಂಗ್ಲಿಷ್ ಚರಿತ್ರಕಾರರಲ್ಲಿ ಕೆಲವರು ಮಾಹೆ ಬರಿಯ ನೆಪ, ಕರ್ನಾಟಕದ ಬಯಲನ್ನು ನುಂಗುವ ಆಸೆಯೇ ನಿಜವಾದ ಕಾರಣ ಎಂದು ಬರೆದಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಹೈದರನಿಗೆ ಬೇರೆ ದುಮ್ಮಾನಗಳೂ ಇದ್ದುವು. 1769ರ ಒಪ್ಪಂದದಲ್ಲಿ, ಒಬ್ಬರ ಮೇಲೆ ಯಾರಾದರೂ ಏರಿಬಂದರೆ ಇನ್ನೊಬ್ಬರು ನೆರವಾಗಬೇಕೆಂದು ಮಾತಾಗಿತ್ತು. ಅದರ ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಏರಿಬಂದರು. ಕಂಪನಿ ಕೈಕಟ್ಟಿ ಕುಳಿತಿತು. ಮಾಹೆ ಬಿದ್ದ ವರ್ಷವೇ ಗುಂಟೂರಿಗೆ ಹೊರಟ ಕಂಪನಿಯ ದಂಡು ಹೈದರನ ಕಡಪೆಯ ಸೀಮೆಯನ್ನು ಅವನನ್ನು ಕೇಳದೆಯೇ ದಾಟಲು ಹೋಗಿ ತಡೆಯಲ್ಪಟ್ಟಿತು. ಇಂಥವು ಒಂದರ ಮೇಲೊಂದು ಪೇರಿಸಿಕೊಂಡಿದ್ದುವು.

ಆದರೂ ಮಾಹೆಯ ಸಂಗತಿ ಉಳಿದವುಗಳಂತಲ್ಲ. ಮರಾಠರ ವಿಷಯದಲ್ಲಿ ಕಂಪನಿ ಮಾಡಿದುದು ವಚನಭಂಗ. ಗುಂಟೂರಿನ ವಿಷಯದಲ್ಲಿ ಮಾಡಿದುದು ಉದ್ಧಟತನ. ಮಾಹೆಯಲ್ಲಿ ಒಬ್ಬ ದೊರೆ, ಇದು ನನ್ನ ರಕ್ಷಣೆಯಲ್ಲಿದೆ ಎಂದು ಬಹಿರಂಗವಾಗಿ ಸಾರಿ, ಬಾವುಟವನ್ನು ನೆಟ್ಟು, ಸಿಪಾಯಿಗಳನ್ನು ಇಟ್ಟಿದ್ದನು. ಅದನ್ನು ಕಂಡೂ ಕಂಪನಿ ಹಿಡಿಯಿತು. ತನಗೆ ಕಪ್ಪ ಕೊಡುವ ಮಲೆಯಾಳದ ಅರಸರ ಕಣ್ಣೆದುರಿಗೇ ಈ ಅವಮಾನ ಆಯಿತು. ಅದನ್ನು ನುಂಗಿಕೊಂಡಿದ್ದರೆ ಆ ಅರಸರಲ್ಲಿ ಒಬ್ಬನಾದರೂ ಮರುವರ್ಷ ಕಪ್ಪ ಕಳುಹಿಸುತ್ತಿದ್ದನೆ? ಹೈದರನ ಅಧಿಕಾರ ನಿಂತಿದ್ದುದು ವಂಶದ ಮೇಲಲ್ಲ, ಹೆದರಿಕೆಯ ಮೇಲೆ; ಹೆದರಿಕೆ ಕಡಮೆಯಾದರೆ ಅವನಿಗೆ ಬೇರೆ ಆಸರೆ ಇರಲಿಲ್ಲ. ಈ ದೃಷ್ಟಿಯಿಂದ ನೋಡಿದರೆ ಮಾಹೆಯನ್ನು ನೆಪವೆನ್ನುವುದು ಸಾಲದು. ಮದ್ದಿನ ಬಾಗಿಲು ಮುಚ್ಚಿದುದು ನಷ್ಟ. ಬಾವುಟ ಇಳಿದುದು ಅದಕ್ಕಿಂತ ಹಿರಿದಾದ ನಷ್ಟ. ಇದನ್ನು ರಂಬೋಲ್ಡನೂ ಅರಿತಂತೆ ಕಾಣುತ್ತದೆ. ಮಾಹೆ ಬಿದ್ದ ಕೆಲವೇ ತಿಂಗಳಿಗೆ ಆತ ತಂಜಾವೂರಿನ ಪಾದ್ರಿ ಶ್ವಾರ್ಟ್ಸನನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿ ಹೈದರನ ಮನಸ್ಸನ್ನು ಅರಿಯಲು ಯತ್ನಿಸಿದನು. ಹೈದರನು ಪಾದ್ರಿಯನ್ನು ಆದರದಿಂದ ಕಂಡನು. ಕಂಪನಿಯ ತಪ್ಪುಗಳನ್ನು ಒಂದೊಂದಾಗಿ ಎಣಿಸಿದ ಕಾಗದವನ್ನು ಕೊಟ್ಟು ಕಳುಹಿಸಿದನು.

1780ರ ಜುಲೈಯಲ್ಲಿ 80,000ದಿಂದ 90,000ದವರೆಗೆ ಲೆಕ್ಕ ಹೇಳುವ ಮೈಸೂರಿನ ಸೈನ್ಯ ಘಟ್ಟ ಇಳಿಯಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡು ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯಲ್ಲಿ ಆ ಕಾಳಗದ ಚಿತ್ರವನ್ನು ತಾವೆಲ್ಲರೂ ನೋಡಿರಬಹುದು. ಅದರಲ್ಲಿ ದುರ್ಬೀನು ಹಿಡಿದು ನಿಂತ ಫ್ರೆಂಚ್ ಅಧಿಕಾರಿ ಲಾಲಿಯನ್ನು ಮುಂದಿನ ಸಲ ಹೋದಾಗ ಗುರುತಿಸಿ. ಮಾಹೆಯನ್ನು ಕಳೆದುಕೊಂಡ ಹೈದರನ ಸೇಡಿಗೆ ಫ್ರೆಂಚರ ಸಾಕ್ಷಿ ಆ ಗೋಡೆಯ ಮೇಲೆ ಇಂದಿಗೂ ಇದೆ.

ಯುದ್ಧ ಆರ್ಕಾಟಿನ ಬಯಲಿನಲ್ಲಿಯೇ ಮುಗಿದಿದ್ದರೆ ನಮ್ಮ ಕರಾವಳಿಯ ಕಥೆ ಬೇರೆಯಾಗುತ್ತಿತ್ತು. ಹೈದರನ ಸರದಾರ ಸರ್ದಾರ್ ಖಾನನು 1780ರಿಂದ ತಲಚೇರಿಯನ್ನು ಮುತ್ತಿ ಕುಳಿತನು. 1782ರ ಜನವರಿಯಲ್ಲಿ ಮೇಜರ್ ಅಬಿಂಗ್ಟನನು ಆ ಮುತ್ತಿಗೆಯನ್ನು ಮುರಿದನು. ಅದೇ ವರ್ಷದ ಡಿಸೆಂಬರ್ 7ರಂದು ಹೈದರನು ತೀರಿಕೊಂಡನು. ತಂದೆ ಸತ್ತ ಸುದ್ದಿ ಕೇಳಿ ಟಿಪ್ಪು ಪೂರ್ವಕ್ಕೆ ಹೋಗುತ್ತಲೇ, ಬೊಂಬಾಯಿಯಿಂದ ಬಂದ ಜನರಲ್ ಮ್ಯಾಥ್ಯೂಸನು ಕನ್ನಡ ಕರಾವಳಿಯಲ್ಲಿ ಇಳಿದು, 1783ರ ಜನವರಿಯಲ್ಲಿ ಬಿದನೂರನ್ನೂ ಮಾರ್ಚಿನಲ್ಲಿ ಮಂಗಳೂರನ್ನೂ ಹಿಡಿದನು. ಟಿಪ್ಪು ತಿರುಗಿ ಬಂದು ಏಪ್ರಿಲಿನ ಕೊನೆಗೆ ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಆ ಮುತ್ತಿಗೆಯಲ್ಲಿ ಅವನೊಡನೆ ಕೊಸಿಞಿ ಎಂಬವನ ಫ್ರೆಂಚ್ ತುಕಡಿಯೂ ಇತ್ತು. ಕೋಟೆ ಇನ್ನೇನು ಬೀಳುವುದರಲ್ಲಿದೆ ಎನ್ನುವಾಗ ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾಯಿತೆಂಬ ವಾರ್ತೆ ಬಂದಿತು. ಫ್ರೆಂಚರು ಹೋರಾಟವನ್ನು ನಿಲ್ಲಿಸಿ ಹಿಂದೆಗೆದರು. ತಮ್ಮ ಮಾಹೆಗಾಗಿ ಯುದ್ಧಕ್ಕಿಳಿದವನ ಮಗನನ್ನು ಕೋಟೆಯ ಬಾಗಿಲಲ್ಲಿ ಬಿಟ್ಟು ಹೋದುದು ಅವರಿಗೆ ಅಂತರರಾಷ್ಟ್ರೀಯ ನಿಯಮದ ಮಾತು; ಟಿಪ್ಪುವಿಗೆ ಅದು ದ್ರೋಹದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಹಸಿವಿನಿಂದ ಕಂಗೆಟ್ಟ ಮೇಜರ್ ಕ್ಯಾಂಬೆಲನು 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿದನು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದ ಆಯಿತು.

ದೊರೆಗಳಿಗೆ ಸಂಧಿಯಾಯಿತು, ಕರಾವಳಿಯ ಜನಕ್ಕೆ ಆಗಲಿಲ್ಲ. ಮುತ್ತಿಗೆಯ ಕಾಲದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಮಂಗಳೂರು ಸೀಮೆಯ ಕ್ರೈಸ್ತ ಕುಟುಂಬಗಳನ್ನು 1784ರಲ್ಲಿ ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲಿ ಸತ್ತವರೆಷ್ಟು, ಸೆರೆಯಲ್ಲಿ ಸತ್ತವರೆಷ್ಟು ಎಂಬ ಲೆಕ್ಕದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಹುಮಂದಿ ಸತ್ತರೆಂಬುದರಲ್ಲಿ ಸಂದೇಹವಿಲ್ಲ. ಉಳಿದವರು ಊರಿಗೆ ಮರಳಿದುದು 1799ರ ಬಳಿಕ. ಮೆಣಸಿನ ಕೋಠಿಯೊಂದಕ್ಕಾಗಿ ಎದ್ದ ಕಲಹ ಐದು ವರ್ಷಗಳಲ್ಲಿ ನೇತ್ರಾವತಿಯ ದಂಡೆಯ ಒಕ್ಕಲು ಮನೆಗಳ ಬಾಗಿಲಿಗೆ ಬಂದು ಮುಟ್ಟಿತು. ಹೈದರನ ಯುದ್ಧ ನ್ಯಾಯವೋ ಅನ್ಯಾಯವೋ ಎಂದು ತೂಗುವವರು ತಕ್ಕಡಿಯಲ್ಲಿ ಇದನ್ನೂ ಇಡಬೇಕು.

ಫ್ರೆಂಚರು 1785ರಲ್ಲಿ ಮಾಹೆಯನ್ನು ಮರಳಿ ಪಡೆದರು. ಮಂಗಳೂರಿನಲ್ಲಿ ಕೈಬಿಟ್ಟವರಲ್ಲಿಯೇ ಟಿಪ್ಪು ಮತ್ತೆ ಸ್ನೇಹವನ್ನು ಬೇಡಬೇಕಾಯಿತು, ಏಕೆಂದರೆ ಬೇಡಲು ಬೇರೆ ಯಾರೂ ಇರಲಿಲ್ಲ. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಆಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ, 1788ರ ಜೂನಿನಲ್ಲಿ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಇಳಿದರು. ಮೈಸೂರು ಸಂಸ್ಥಾನದಿಂದ ಹೋಗಿ ಫ್ರಾನ್ಸಿನ ಕಡಲತಡಿಯ ಪಟ್ಟಣವನ್ನು ಕಂಡವರಲ್ಲಿ ಹೆಸರು ಗೊತ್ತಿರುವ ಮೊದಲಿಗರು ಇವರೇ ಎನ್ನಬಹುದು. ಅಲ್ಲಿಯ ಜನ ಇವರ ಉಡುಪನ್ನು ನೋಡಲು ಮುಗಿಬಿದ್ದರು. ಆಗಸ್ಟ್ 10ರಂದು ವರ್ಸೈಲಿನಲ್ಲಿ 16ನೆಯ ಲೂಯಿ ದೊರೆ ದರ್ಶನವಿತ್ತನು. ಉಪಚಾರ ಸಾಕಷ್ಟು ಆಯಿತು. ಪಿಂಗಾಣಿಯ ಉಡುಗೊರೆ, ಕೆಲವರು ಕುಶಲ ಕೆಲಸಗಾರರು ದೊರೆತರು. ಸೈನ್ಯ ದೊರೆಯಲಿಲ್ಲ. ಖಜಾನೆ ಬರಿದಾಗಿದ್ದ ಆ ದೊರೆಗೆ ಕೊಡುವ ಶಕ್ತಿಯೂ ಇರಲಿಲ್ಲ. ಮರುವರ್ಷ ಅವನ ರಾಜ್ಯದಲ್ಲಿ ಮಹಾಕ್ರಾಂತಿ ಎದ್ದಿತು.

ಸಣ್ಣ ಊರುಗಳು ದೊಡ್ಡವರ ಕಾಗದಪತ್ರಗಳಲ್ಲಿ ಸಿಕ್ಕಿಕೊಳ್ಳುವುದಕ್ಕೆ ಮಾಹೆಯೊಂದೇ ನಿದರ್ಶನವಲ್ಲ. ನಮ್ಮ ಸುಳ್ಯವೂ ಹಾಗೆ ಸಿಕ್ಕಿಕೊಂಡಿತು. ಅಮರ ಸುಳ್ಯದ ಸೀಮೆ ಟಿಪ್ಪುವಿಗೆ ಸೇರಿದುದೋ ಕೊಡಗಿನ ಅರಸನಿಗೆ ಸೇರಿದುದೋ ಎಂಬ ತಕರಾರು 1792ರ ಒಪ್ಪಂದದ ಬಳಿಕ ಬಗೆಹರಿಯದೆ ಉಳಿದು, 1798ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಟಿಪ್ಪುವಿಗೆ ಬರೆದ ಪತ್ರಗಳವರೆಗೂ ಹೋಯಿತು. ಎರಡನೆಯ ಮೈಸೂರು ಯುದ್ಧದ ಮೊದಲ ಪುಟದಲ್ಲಿ ಮಾಹೆಯಿದ್ದಂತೆ, ನಾಲ್ಕನೆಯ ಯುದ್ಧದ ಪೀಠಿಕೆಯ ಒಂದು ಮೂಲೆಯಲ್ಲಿ ಸುಳ್ಯವಿದೆ. ಮುಂದೆ ಈ ಸೀಮೆ ಕೊಡಗಿನ ಅರಸನ ಕೈಯಲ್ಲಿದ್ದು, 1834ರಲ್ಲಿ ಕೊಡಗು ಕಂಪನಿಯ ವಶವಾದಾಗ ಕನ್ನಡ ಜಿಲ್ಲೆಗೆ ಸೇರಿಸಲ್ಪಟ್ಟಿತು. ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಹಣದಲ್ಲಿಯೇ ಕೊಡಬೇಕಾದುದು 1837ರ ದಂಗೆಗೆ ಮುಖ್ಯ ಕಾರಣಗಳಲ್ಲಿ ಒಂದು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರಿನ ಮೇಲೆ ಸಾಗಿ, ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕ ಆ ಜನ ಹದಿಮೂರು ದಿನ ಪಟ್ಟಣವನ್ನು ಆಳಿದರು. ಅವರನ್ನು ಅಡಗಿಸಲು ಬಂದ ಸೈನ್ಯದಲ್ಲಿ ಒಂದು ಭಾಗ ಕಣ್ಣೂರಿನದು, ಎಂದರೆ ಮಾಹೆಯ ನೆರೆಯ ದಂಡುನೆಲೆಯದು.

ಇಷ್ಟು ಹೊತ್ತಿಗೆ ಮಾಹೆಯ ಮದ್ದಿನ ಕಾಲ ಮುಗಿದಿತ್ತು. 1793ರ ಜುಲೈಯಲ್ಲಿ ಇಂಗ್ಲಿಷರು ಅದನ್ನು ಮತ್ತೊಮ್ಮೆ ಹಿಡಿದು, ನೆಪೋಲಿಯನ್ನನ ಯುದ್ಧಗಳೆಲ್ಲ ಮುಗಿದ ಮೇಲೆ 1817ರಲ್ಲಿ ಹಿಂದಕ್ಕೆ ಕೊಟ್ಟರು. 1814ರ ಪ್ಯಾರಿಸ್ ಸಂಧಿಯ ಕರಾರಿನಂತೆ ಇಂಡಿಯಾದ ಫ್ರೆಂಚ್ ಊರುಗಳಲ್ಲಿ ಕೋಟೆ ಕಟ್ಟಕೂಡದು. ಶಾಂತಿಪಾಲನೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಸಿಪಾಯಿಗಳನ್ನು ಇಡಕೂಡದು. ಹಾಗೆ ಮಾಹೆ ನಿರಾಯುಧವಾಯಿತು. ನಿರಾಯುಧವಾದುದರಿಂದಲೇ ನೋಡಲು ಹಿತವಾದ ಊರಾಯಿತೆಂದು ನನ್ನ ಅಭಿಪ್ರಾಯ.

ಇಂದು ಅಲ್ಲಿಗೆ ಹೋದವರು ಹೈದರನ ಬಾವುಟ ಹಾರಿದ ಕೋಟೆಯನ್ನು ಹುಡುಕಿ ನಿರಾಶರಾಗಬೇಕಾಗಿಲ್ಲ. ಹೊಳೆ ಸಮುದ್ರವನ್ನು ಸೇರುವ ಎಡೆಯಲ್ಲಿ, ಹಿಂದಿನ ಫ್ರೆಂಚ್ ಆಡಳಿತಾಧಿಕಾರಿಯ ನಿವಾಸದ ಬಳಿ, ಟಾಗೋರರ ಹೆಸರಿನ ಉದ್ಯಾನವಿದೆ. ಅಲ್ಲಿ ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನ್ ದೇವಿಯ ವಿಗ್ರಹವನ್ನು ಕಾಣಬಹುದು. 1789ರ ಕ್ರಾಂತಿಗೆ ನೂರು ವರ್ಷ ತುಂಬಿದುದರ ಸ್ಮಾರಕ ಅದು. ದಂಡೆಯ ಉದ್ದಕ್ಕೂ ನಡೆದಾಡುವ ಹಾದಿಯಿದೆ. ಸಂಜೆಯ ಹೊತ್ತು ದೋಣಿಗಳು ಅಳಿವೆಯೊಳಕ್ಕೆ ತಿರುಗುವುದನ್ನು ನೋಡುತ್ತ ಕೂರಲು ಇದಕ್ಕಿಂತ ಒಳ್ಳೆಯ ಎಡೆ ಆ ಕರೆಯಲ್ಲಿ ಹೆಚ್ಚಿಲ್ಲ. 1736ರಲ್ಲಿ ಸ್ಥಾಪಿತವಾದ ಸಂತ ತೆರೇಸಾ ಇಗರ್ಜಿ ಪೇಟೆಯ ನಡುವೆ ಇದೆ. ಅಕ್ಟೋಬರಿನ ಅಲ್ಲಿಯ ಹಬ್ಬಕ್ಕೆ ಎಲ್ಲ ಮತದವರೂ ಸೇರುತ್ತಾರೆ. ನಮ್ಮಲ್ಲಿ ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ ಸೀಮೆಯೆಲ್ಲ ನೆರೆಯುವಂತೆಯೇ. ಪೇಟೆಯಲ್ಲಿ ಮದ್ಯದ ಅಂಗಡಿಗಳ ಸಾಲನ್ನು ಕಂಡು ಬೆರಗಾಗುವವರುಂಟು. ಸುತ್ತಣ ಕೇರಳಕ್ಕಿಂತ ಅಲ್ಲಿ ಸುಂಕ ಕಡಮೆ. ಫ್ರೆಂಚರು ಬಿಟ್ಟುಹೋದ ಸಂಸ್ಕೃತಿ ಇಷ್ಟೇ ಎಂದು ತಿಳಿದು ಹಿಂದಿರುಗುವ ಪ್ರವಾಸಿಕರು ಊರಿಗೂ ತಮಗೂ ಅನ್ಯಾಯ ಮಾಡಿಕೊಳ್ಳುತ್ತಾರೆ.

ಇನ್ನೊಂದು ವಿನೋದ. ಮಾಹೆ ಎಂಬ ಹೆಸರಿನ ರೈಲು ನಿಲ್ದಾಣ ಮಾಹೆಯಲ್ಲಿಲ್ಲ. ಅದು ಕೇರಳದ ಅಳಿಯೂರಿನಲ್ಲಿದೆ. ಹೊಳೆಯ ಆಚೆಯ ನ್ಯೂಮಾಹೆಯೂ ಕೇರಳದ್ದೇ. ಪಂದಕ್ಕಲ್, ಪಳ್ಳೂರು ಮೊದಲಾದ ಹಳ್ಳಿಗಳು ಮಾತ್ರ ಹೊಳೆಯ ಆಚೆಯಿದ್ದರೂ ಮಾಹೆಗೆ ಸೇರಿವೆ. ಇಂಗ್ಲಿಷರೂ ಫ್ರೆಂಚರೂ ಮೆಣಸಿನ ತೋಟವನ್ನು ನೋಡಿ ಎಳೆದ ಗೆರೆಗಳು ಇಂದಿಗೂ ಬಸ್ಸಿನ ಕಂಡಕ್ಟರರ ಲೆಕ್ಕವನ್ನು ಕೆಡಿಸುತ್ತಿವೆ.

ಇಂಗ್ಲಿಷರು 1947ರಲ್ಲಿ ಹೋದರೂ ಫ್ರೆಂಚರು ಹೋಗಲಿಲ್ಲ. 1948ರ ಅಕ್ಟೋಬರಿನಲ್ಲಿ ಐ. ಕೆ. ಕುಮಾರನ್ ಮಾಸ್ತರರ ಮುಂದಾಳುತನದಲ್ಲಿ ಮಹಾಜನ ಸಭೆಯವರು ಊರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು; ಕೆಲವು ದಿನಗಳಲ್ಲಿ ಫ್ರೆಂಚ್ ಯುದ್ಧದ ಹಡಗು ಬಂದು ಅದನ್ನು ಅಡಗಿಸಿತು. ಆರು ವರ್ಷದ ತರುವಾಯ, 1954ರ ಜುಲೈ 16ರಂದು, ಕೊನೆಯ ಆಡಳಿತಾಧಿಕಾರಿ ದೆಷಾನ್ ಊರನ್ನು ಜನರಿಗೆ ಬಿಟ್ಟುಕೊಟ್ಟು ಹಡಗು ಹತ್ತಿದನು. ಮಾಹೆ, ಪಾಂಡಿಚೇರಿ, ಕಾರೈಕಾಲ್, ಯಾನಂಗಳ ಆಡಳಿತ ಆ ವರ್ಷದ ನವೆಂಬರ್ 1ರಂದು ಭಾರತ ಸರ್ಕಾರಕ್ಕೆ ಬಂದಿತು. ಅದಕ್ಕೆ ಸರಿಯಾಗಿ ಎರಡು ವರ್ಷಕ್ಕೆ, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಪುತ್ತೂರಿನಿಂದ ಮಾಹೆಗೆ ಹೋಗುವವರು ಇಂದು ಪೆರ್ಲದ ದಾರಿಯಲ್ಲಿ ಒಂದು ಎಲ್ಲೆಯನ್ನೂ ಮಯ್ಯಳಿ ಹೊಳೆಯ ಸೇತುವೆಯ ಮೇಲೆ ಇನ್ನೊಂದು ಎಲ್ಲೆಯನ್ನೂ ದಾಟುತ್ತಾರೆ. ಮಾಹೆಯನ್ನು ಮಲೆಯಾಳಕ್ಕೆ ಕೂಡಿಸದೆ ಪಾಂಡಿಚೇರಿಯೊಡನೆಯೇ ಉಳಿಸಲಾಯಿತು; ಅಲ್ಲಿಯ ವ್ಯಾಜ್ಯಗಳು ಇಂದಿಗೂ ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋಗುತ್ತವೆ. ಫ್ರೆಂಚ್ ಪೌರತ್ವವನ್ನು ಉಳಿಸಿಕೊಂಡ ಕೆಲವು ಕುಟುಂಬಗಳು ಈಗಲೂ ಅಲ್ಲಿವೆ. ಫ್ರಾನ್ಸಿನ ಶಾಸನಸಭೆ ಒಪ್ಪಿಗೆಯಿತ್ತು, ಹಸ್ತಾಂತರ ಕಾನೂನಿನ ಪ್ರಕಾರ ಪೂರ್ಣವಾದುದು 1962ರ ಆಗಸ್ಟ್ 16ರಂದು.